ಸಂಘಕ್ಕೆ ಬಂದ ಜುಲ್ಮಾನೆ

೧೯೫೪ ಜನವರಿ ೪, ಸೋಮವಾರ

ಪರೇಡ್. ಮೂವರಿಗೆ ಜುಲ್ಮಾನೆ. ಒಬ್ಬನ ಬೂಟಿಗೆ ಪಾಲಿಶ್ ಇಲ್ಲ, ಇನ್ನೊಬ್ಬ ಕೆಮ್ಮಿದ, ಕಾನ್‌ಸ್ಟೇಬಲ್ ನಾಣಯ್ಯ ನಕ್ಕ. ನಾಣಯ್ಯನ ಕಪಾಳಕ್ಕೂ ಬಿತ್ತು. ತುಟಿ ಒಡೆಯಿತು. ಹೊಡೆದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರದ್ದು ಒಂದೇ ಮಾತು — "ನನ್ನ ಜೇಬಿಗಲ್ಲಪ್ಪ, ನಿಮ್ಮ ಸಂಘಕ್ಕೇ."

ನಿಜ. ಕೇಳಿಕೊಂಡವರು ನಾವೇ. ಪೊಲೀಸ್ ಸಂಘದ ಸೆಕ್ರೆಟರಿ, ಹೆಡ್ ಕಾನ್‌ಸ್ಟೇಬಲ್ ಚನ್ನಮಲ್ಲಪ್ಪ ಅಂತ ಅರ್ಜಿಗೆ ಸೈನ್ ಹಾಕಿದವನು ನಾನು. ನಮ್ಮಿಂದ ಕಿತ್ತ ಜುಲ್ಮಾನೆ ಖಜಾನೆಗೆ ಯಾಕೆ, ಸಂಘಕ್ಕೆ ಕೊಡಿ, ಕಾಯಿಲೆ ಕಸಾಲೆಗೆ ಆಗುತ್ತದೆ ಅಂತ. ಮಡಿಕೇರಿಯಿಂದ ಕೊಡಗು ಸರ್ಕಾರದ ಆರ್ಡರ್ ಬಂದ ದಿನ ಪೊಲೀಸ್ ಲೈನಿನಲ್ಲಿ ಪಾಯಸ ಹಂಚಿದೆವು. ಎರಡನೇ ಪುಟ ಓದಿದ್ದು ಆಮೇಲೆ. ಜುಲ್ಮಾನೆ ಸಿಗುವುದರಿಂದ ವರ್ಷದ ಗ್ರಾಂಟು ರದ್ದು. ಈಗ ಪೆಟ್ಟು ತಿಂದಷ್ಟೇ ಸಂಘಕ್ಕೆ ಆದಾಯ. ಥೂ ನಮ್ಮ ಬುದ್ಧಿಗಿಷ್ಟು.

ಜನವರಿ ೧೩

ತಿತಿಮತಿ ಕಡೆಯ ಎಸ್ಟೇಟು. ಎಸ್ಟೇಟು ಕೊಟ್ಟ ಅಕ್ಕಿಯಲ್ಲಿ ಹುಳ ಅಂತ ಕೂಲಿಯವರು ಕಾಫಿ ಹಣ್ಣು ಕೀಳುವುದು ನಿಲ್ಲಿಸಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆ ಮುಂದೆ ಕೂತಿದ್ದರು. ಲಾಠಿ ಚಾರ್ಜ್. ನಾನೂ ಹೊಡೆದೆ — ಒಬ್ಬನ ಬೆನ್ನು, ಒಬ್ಬನ ಮೊಣಕಾಲು. ಮೂಳೆ ಮುರಿದದ್ದು ಮೊದಲು ಕೈಗೆ ಗೊತ್ತಾಗುತ್ತದೆ, ಕಿವಿಗೆ ಆಮೇಲೆ. ಕಾಳಮ್ಮ ಅನ್ನುವ ಮುದುಕಿಯ ತಲೆ ಒಡೆಯಿತು. ಕಣದಲ್ಲಿ ಹರಡಿದ್ದ ಕಾಫಿ ಹಣ್ಣಿನ ಮೇಲೆಲ್ಲ ರಕ್ತ.

ನಮ್ಮ ಕಾನ್‌ಸ್ಟೇಬಲ್ ನಾಗರಾಜು, ಶಿರಂಗಾಲದವನು, ಲಾಠಿ ಊರಿ ನಿಂತುಬಿಟ್ಟ.

"ಹೊಡಿಯೋ," ಅಂದರು ಸಾಹೇಬರು.

"ಮುದುಕೀರ ಮೇಲೆ ಕೈ ಏಳಲ್ಲ ಸಾರ್."

"ಏಳದಿದ್ ಕೈ ಯಾಕಿರ್ಬೇಕು?"

ಅವನ ಲಾಠಿಯನ್ನೇ ಕಿತ್ತುಕೊಂಡು ಅವನ ಬಲ ಮಣಿಕಟ್ಟಿಗೆ ಬಾರಿಸಿದರು. ಬಿದ್ದ ಮೇಲೂ ಬಾರಿಸಿದರು. ನಾವು ಸಾಲಾಗಿ ನಿಂತು ನೋಡಿದೆವು. ಸಂಘವಂತೆ ಸಂಘ.

ಜನವರಿ ೧೭

ನಾಗರಾಜು ಕೈ ಊದಿ ಕಪ್ಪಾಗಿದೆ. ನಾರುತ್ತಿದೆ. ಮೈಸೂರಿಗೆ ಒಯ್ಯದಿದ್ದರೆ ಉಳಿಯಲ್ಲ ಅಂದ ಆಸ್ಪತ್ರೆಯ ಡ್ರೆಸ್ಸರ್. ಗ್ರಾಂಟಿಲ್ಲ, ಜುಲ್ಮಾನೆ ಕೈಗೆ ಬರುವುದು ತಿಂಗಳ ಕೊನೆಗೆ; ಸಂಘದ ಪೆಟ್ಟಿಗೆ ಖಾಲಿ.

ಸಾಹೇಬರು ಕರೆಸಿದರು. "ಮಾತು ಮೀರಿದ್ದಕ್ಕೆ ಅವನಿಗೆ ಜುಲ್ಮಾನೆ ಹಾಕಿದೀನಿ. ಸಂಘ ಒಪ್ಪಿದೆ ಅಂತ ರಸೀದಿಗೆ ಸೈನ್ ಹಾಕು, ಹಣ ಈಗಲೇ ತಗೋ. ಅವನ ಕೈಗೇ ಖರ್ಚು ಮಾಡು. ಬೇಡ ಅಂದೋರ್ಯಾರು?"

ಒಪ್ಪಿದರೆ ತಪ್ಪು ನಾಗರಾಜುವಿನದೇ ಎಂದಾಯಿತು. ಅಪೀಲಿಲ್ಲ. ಒಪ್ಪದಿದ್ದರೆ ಮೈಸೂರಿಲ್ಲ… ಸೈನ್ ಹಾಕಿದೆ.

ಜನವರಿ ೨೯, ಸಂಜೆ

ನಾಗರಾಜುವನ್ನು ಮೈಸೂರಿನಿಂದ ವಾಪಸ್ ಕರೆತಂದರು. ತಡವಾಯಿತಂತೆ. ಕೈ ತೆಗೆದಿದ್ದಾರೆ. ಬಂದ ದಿನವೇ ಆರ್ಡರ್ — ತಪ್ಪು ಸಾಬೀತು, ಕೆಲಸದಿಂದ ವಜಾ, ಕ್ವಾರ್ಟರ್ಸ್ ಬಿಡತಕ್ಕದ್ದು. ಆಧಾರ: ಸಂಘದ ಒಪ್ಪಿಗೆ.

ಅವನ ಹೆಂಡತಿ ವನಜಮ್ಮ ನಮ್ಮ ಬಾಗಿಲಿಗೆ ಬಂದಳು. ಅಳಲಿಲ್ಲ.

"ದಫೇದಾರಣ್ಣ, ಕೈ ಮುರಿದೋರ್ ಮೇಲೆ ಮಡಿಕೇರಿಗೆ ಕಂಪ್ಲೇಂಟ್ ಕೊಡಣ ಅಂತಿದ್ವಿ. ನೀವೇ ಒಪ್ಕಂಡಿದೀರಂತಲ್ಲ. ಇನ್ಯಾರ್ ಹತ್ರ ಹೋಗಣ?"

ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟು. ಊಟದ ತಟ್ಟೆ ಗೋಡೆಗೆ ಎಸೆದೆ. ನನ್ನವಳು ಅನ್ನ ಬಳಿದಳು.

ಫೆಬ್ರವರಿ ೬, ಲಾಕಪ್

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ಪರೇಡಿನಲ್ಲಿ ಸಾಹೇಬರ ಮಣಿಕಟ್ಟಿಗೆ ಹೊಡೆದೆ. ಮುರಿಯಿತು. ಸಂತೋಷವಾಯಿತು — ಇಲ್ಲಿ ಸುಳ್ಳು ಯಾಕೆ? ಆಮೇಲೆ ಎಲ್ಲರೂ ಸೇರಿ ನನ್ನನ್ನು ತುಳಿದರು. ಎಲ್ಲ ಸಂಘದ ಮೆಂಬರುಗಳೇ. ಬಲಗೈ ಬೆರಳು ಮಡಚಲು ಬರುತ್ತಿಲ್ಲ. ಒಂದು ಕಿವಿ ಕೇಳಿಸುತ್ತಿಲ್ಲ.

ಕೋರ್ಟು ಕೇಸು ಬೇರೆ. ಅದಕ್ಕೆ ಮೊದಲು ನನಗೂ ಜುಲ್ಮಾನೆ. ಹಣ ಸಂಘಕ್ಕೆ. ರಸೀದಿಗೆ ಸೆಕ್ರೆಟರಿ ಸೈನ್ ಬೇಕು. ಸೆಕ್ರೆಟರಿ ಇನ್ನೂ ನಾನೇ. ನಗು ಬಂತು, ಪಕ್ಕೆಲುಬು ನೋಯಿತು. ಈ ಸಲ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದಾರೆ — ನಾಗರಾಜುವಿನ ಕೈ ಅವನೇ ಬಿದ್ದು ಮುರಿದುಕೊಂಡದ್ದೆಂದು ಸಂಘಕ್ಕೆ ತಿಳಿದಿದೆ. ಸೈನ್ ಹಾಕಲ್ಲ ಅಂದೆ.

ನಾಣಯ್ಯನ ಕೈಗೆ ಲಾಠಿ ಕೊಟ್ಟು ಒಳಗೆ ಬಿಟ್ಟಿದ್ದಾರೆ. ಸಾಹೇಬರು ಕಾಫಿ ಕುಡಿದು ಬರುವಷ್ಟರಲ್ಲಿ ಸೈನ್ ಆಗಿರಬೇಕಂತೆ. ಪೆನ್ಸಿಲ್ ಕೊಟ್ಟವನೂ ನಾಣಯ್ಯನೇ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ಹೊಡಿಯೋ," ಅಂದೆ. "ನಾಕು ಬಿಡು, ಸಾಕು. ಕಲೆ ಕಾಣ್ಲಿ."

"ನನ್ನಿಂದಾಗಲ್ಲ ದಫೇದಾರ್ರೇ. ಸೋಮವಾರ ತುಳಿದೆನಲ್ಲ, ಅದೇ ಸಾಕು."

ಎದ್ದವನು ಲಾಠಿಯನ್ನು ಕಿಟಕಿ ಸರಳಿನ ಸಂದಿಯಿಂದ ಆಚೆ ಎಸೆದ. ಪೆದ್ದ. ಮನೆಯಲ್ಲಿ ಬಸುರಿ ಹೆಂಡತಿ ಇದ್ದಾಳೆ ಅವನಿಗೆ.

ಬೂಟಿನ ಸದ್ದು ಬರುತ್ತಿದೆ. ರಸೀದಿ ನನ್ನ ತೊಡೆ ಮೇಲಿದೆ. ಸೈನ್ ಹಾಕಿದರೆ ವನಜಮ್ಮನಿಗೆ ಎಲ್ಲ ಬಾಗಿಲೂ ಮುಚ್ಚಿದವು. ಹಾಕದಿದ್ದರೆ ಈಗ, ನನ್ನ ಕಣ್ಣೆದುರಿಗೇ, ನಾಣಯ್ಯನ ಕೈ —