ಕೊಣ್ಣೂರ ಮುತ್ತಣ್ಣ ನೋಡಿ ಹೇಳಲಿ

9 ಏಪ್ರಿಲ್ 2021, ಶುಕ್ರವಾರ

ಕಸ ಹೊಡೆದೆ, ಪೇಪರ್ ಜೋಡಿಸಿದೆ, ಬಾಗಿಲು ತೆರೆದು ಕೂತೆ. ಲೈಬ್ರರಿಗೆ ಒಬ್ಬರೂ ಬರಲಿಲ್ಲ. ಊರು ಓದುವುದೆಲ್ಲ ಈಗ ಮೊಬೈಲಿನಲ್ಲಿ. ಅದೂ ನಾನೇ ಮಾಡಿದ ವಾಟ್ಸಾಪ್ ಗ್ರೂಪಿನಲ್ಲಿ — ‘ಹೊಳಿ ನೀರು’. ಮಹಾಪೂರದ ವರ್ಷ ಮಾಡಿದ್ದು. ನಮ್ಮ ಹೊಳೆಮಣ್ಣೂರಿಗೆ ನೀರು ಬರುವ ಮೊದಲು ಹೊಳೆಯ ಮೇಲ್ಭಾಗದ ಕೊಣ್ಣೂರಿನಿಂದ ಮುತ್ತಣ್ಣನ ಧ್ವನಿ ಬರುತ್ತಿತ್ತು: “ಸೇತುವಿ ಮ್ಯಾಲ ನೀರ ಬಂತ್ರಿ, ದನ ಬಿಚ್ರಿ.” ಒಮ್ಮೆಯೂ ಸುಳ್ಳಾಗಲಿಲ್ಲ. ಆ ಮಾತು ಕೇಳಿ ಟ್ರ್ಯಾಕ್ಟರ್ ಹತ್ತಿದ್ದಕ್ಕೇ ಅತ್ತೆ ಇವತ್ತು ನನ್ನ ಅಡುಗೆಗೆ ಹೆಸರಿಡುತ್ತಿದ್ದಾರೆ. ಅಂದಿನಿಂದ ಊರಿಗೆ ಒಂದೇ ಲೆಕ್ಕ — ಮೊದಲು ಹೇಳಿದವನದೇ ಖರೆ.

ಇವತ್ತು ಅದೇ ಧ್ವನಿ: “ಶುಗರ್ ಇದ್ದವ್ರು ಕರೋನಾ ಸೂಜಿ ಮಾಡಿಸ್ಕೋಬ್ಯಾಡ್ರಿ. ಜೀವಕ್ಕ ಕುತ್ತು.”

ಅತ್ತೆಗೆ ಶುಗರ್. ಎರಡು ಸಲ ಹಚ್ಚಿಸಿ ಕೇಳಿದರು. ಆಮೇಲೆ ಚಟ್ನಿಗೆ ಉಪ್ಪು ಹೆಚ್ಚಾಯಿತು ಎಂಬ ದಿನದ ತಕರಾರು. ಅದೊಂದು ತಪ್ಪುವುದಿಲ್ಲ.

12 ಏಪ್ರಿಲ್

ದವಾಖಾನೆಯ ನರ್ಸ್ ವಿಜಯಲಕ್ಷ್ಮಿ ಸಿಸ್ಟರನ್ನು ಕೇಳಿದೆ. “ಯಾರ ಹೇಳಿದ್ರ್ಯಕ್ಕಾ? ಶುಗರ್ ಇದ್ದವ್ರೇ ಮೊದಲ ಬರಬೇಕು. ಅವ್ರಿಗೇ ಈ ಬ್ಯಾನಿ ಭಾಳ ಕಾಡತೈತಿ.” ಆರೋಗ್ಯ ಇಲಾಖೆಯ ಕರಪತ್ರ ಕೊಟ್ಟರು. ಯಾರಿಗೆ ಲಸಿಕೆ, ರೋಗದ ಲಕ್ಷಣ ಏನು — ಜ್ವರ, ಕೆಮ್ಮು, ನಾಲಿಗೆಗೆ ರುಚಿ, ಮೂಗಿಗೆ ವಾಸನೆ ಹೋಗುವುದು. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಮೇಲಿಂದ ಮೇಲೆ ಶುಭೋದಯದ ಹೂಗಳು ಬಿದ್ದು ಎಲ್ಲೋ ಕೆಳಗೆ ಹೋಯಿತು. ಬಂದ ಉತ್ತರ ಒಂದೇ — ‘ಮುತ್ತಣ್ಣಗ ಕೇಳ್ರಿ.’

ಅತ್ತೆಗೆ ಓದಿ ಹೇಳಿದೆ.

“ಆ ನರ್ಸವ್ವ ಮಹಾಪೂರದಾಗ ಎಲ್ಲಿದ್ಲು?”

ಆಗ ಅವರಿನ್ನೂ ಗದಗಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದರು.

ಗೋವಾಕ್ಕೆ ಫೋನ್ ಮಾಡಿದೆ. ನಮ್ಮ ಯಜಮಾನರು ಅಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸದಲ್ಲಿದ್ದಾರೆ. ಅವರಿಗೂ ಆಡಿಯೋ ತಲುಪಿದೆ. “ಮುತ್ತಣ್ಣ ಹೇಳ್ಯಾನಂದ ಮ್ಯಾಲ ವಿಚಾರ ಮಾಡು.” ಮಾಡಿ ಮಾಡಿ ತಲೆ ಸಿಡಿಯುತ್ತಿದೆ. ಸಾಕಾಗಿದೆ ನನಗೆ.

15 ಏಪ್ರಿಲ್, ಮಧ್ಯಾಹ್ನ

ಮುತ್ತಣ್ಣನಿಗೇ ಫೋನ್ ಹಚ್ಚಿದೆ.

“ಮುತ್ತಣ್ಣಾರ, ಆ ಸುದ್ದಿ ಎಲ್ಲಿಂದ ಬಂತ್ರಿ?”

“ನಮ್ಮ ಅಳಿಯಾ ಕಳಿಸಿದ್ನ್ರಿ.”

“ಅವರಿಗೆ?”

“ಯಾವ್ದೋ ಗ್ರೂಪಿನ್ಯಾಗ ಬಂದಿತ್ತಂತ.”

“ನೀರಿನ ಸುದ್ದಿನೂ ಅಳಿಯಾ ಕಳಿಸಿದ್ದ ಹೇಳ್ತಿದ್ರೇನು?”



“ಇಲ್ರ್ಯಕ್ಕಾ. ಸೇತುವಿಗೆ ಹೋಗಿ ನೋಡಿ ಬಂದ ಹೇಳ್ತಿದ್ದೆ.”

ಹಾಗಿದ್ದರೆ ‘ತಪ್ಪಾಯಿತು, ಡಾಕ್ಟರನ್ನು ಕೇಳಿ’ ಅಂತ ಗ್ರೂಪಿಗೆ ಒಂದು ಮಾತು ಹಾಕಿ ಎಂದೆ. “ಬರೇ ಹಂಗಂದ್ರ ಯಾರ ನಂಬ್ತಾರ್ರಿ? ಶುಗರ್ ನನಗೂ ಐತಿ. ನೋಡೇ ಹೇಳ್ತೇನಿ.” ನರಗುಂದಕ್ಕೆ ಹೋಗಿ ತಾನೇ ಹಾಕಿಸಿಕೊಳ್ಳುತ್ತಾನಂತೆ. ಒಬ್ಬನ ಮೈ ನೋಡಿ ಎಲ್ಲರದು ಹೇಳಲಾಗುವುದಿಲ್ಲ ಮುತ್ತಣ್ಣಾರ, ಲಕ್ಷಗಟ್ಟಲೆ ಜನರನ್ನು ನೋಡಿಯೇ ಡಾಕ್ಟರ್ ಹೇಳುವುದು ಅಂದೆ. ಕೇಳಿಸಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ. ಅದೇ ತೊಂದರೆ.

19 ಏಪ್ರಿಲ್, ಸೋಮವಾರ

ಬೆಳಿಗ್ಗೆ: “ಕೊಣ್ಣೂರ ಮುತ್ತಣ್ಣ ಮಾತಾಡೂದು. ಸೂಜಿ ಆತು. ಆರಾಮ ಅದೀನಿ.”

ಮಧ್ಯಾಹ್ನ: “ತೋಳ ನೋಯಾಕತ್ತೈತಿ.”

ಸಂಜೆ: “ಜ್ವರ ಏರೇತಿ.”

ಹೊಳೆ ಏರಿದ್ದು ಹೇಳುತ್ತಿದ್ದ ಅದೇ ದನಿ. ಗ್ರೂಪಿನಲ್ಲಿ ಗದ್ದಲವೋ ಗದ್ದಲ. ‘ಹೇಳಿರಲಿಲ್ಲೇನು?’ ಅಂತ, ಏನೂ ಹೇಳದಿದ್ದವರೆಲ್ಲ. ಒಂದೆರಡು ದಿನ ಜ್ವರ, ಮೈಕೈ ನೋವು ಇರುತ್ತದೆ ಎಂದು ಕರಪತ್ರದಲ್ಲೇ ಇದೆ. ಮತ್ತೆ ಹಾಕಿದೆ. ಮತ್ತೆ ಹೂಗಳು.

ಅತ್ತೆ ಕಟ್ಟೆಯ ಮೇಲೆ ಕೂತು, “ನೀರ ಏರಾಕತ್ತೈತಿ ನೋಡು” ಎಂದರು.

21 ಏಪ್ರಿಲ್

ಮುತ್ತಣ್ಣನ ಜ್ವರ ಪೂರ್ತಿ ಬಿಟ್ಟಿದೆ. ಹೊಲಕ್ಕೂ ಹೋಗಿ ಬಂದನಂತೆ. ಈಗಾದರೂ ನಡೆಯಿರಿ ಅತ್ತೆ ಎಂದೆ.

“ನೀರ ಇಳದ ಮ್ಯಾಲೂ ಕೆಸರ ಇರತೈತಿಲ್ಲ? ಇನ್ನೊಂದ ವಾರ ತಡಿ. ಮುತ್ತಣ್ಣ ಬರ್ರಿ ಅನ್ನಲಿ, ಹೋಗೂಣು.”

ಮಹಾಪೂರದಲ್ಲಿ ಕಲಿತದ್ದು. ಅವಸರದಿಂದ ಮನೆಗೆ ಮರಳಿದವರ ಗೋಡೆ ಬಿದ್ದಿದ್ದನ್ನು ಕಣ್ಣಾರೆ ಕಂಡವರು. ಅವರದು ಹಟವಲ್ಲ. ಅದಕ್ಕೇ ಜಗಳಾಡಲೂ ಬರುವುದಿಲ್ಲ.

26 ಏಪ್ರಿಲ್

ಬರೆಯಲಾಗಲಿಲ್ಲ. ಪಂಚಾಯ್ತಿಯವರು ನನ್ನನ್ನು ಕರೋನಾ ಸರ್ವೆಗೆ ಹಾಕಿದ್ದಾರೆ, ಮನೆಮನೆ ತಿರುಗುವುದು. ಹಿಂದಿನ ಓಣಿಯಲ್ಲಿ ಎರಡು ಮನೆಗಳಲ್ಲಿ ಕೆಮ್ಮು. ಅತ್ತೆ ಹೋದ ವಾರ ಅದೇ ಓಣಿಗೆ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋಗಿ ಬಂದಿದ್ದಾರೆ — ಮಾಸ್ಕು ಸೊಂಟದಲ್ಲಿ. ನಾಳೆ ರಾತ್ರಿಯಿಂದ ಎಲ್ಲ ಬಂದ್ ಅಂತೆ. ಭಯವಾಗುತ್ತಿದೆ. ಯಾರಿಗೆ ಹೇಳುವುದು, ಗ್ರೂಪಿಗೆ?

27 ಏಪ್ರಿಲ್, ಸಂಜೆ

ಬಂತು!

“ನಮಸ್ಕಾರ್ರಿ, ಕೊಣ್ಣೂರ ಮುತ್ತಣ್ಣ. ಹಿಂದ ನಾ ಹೇಳಿದ್ದು ನೋಡಲಾರದ ಹೇಳಿದ್ದು. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ. ನೀರ ಪೂರಾ ಇಳದೈತಿ. ಶುಗರ್ ಇದ್ದವ್ರು ಮೊದಲ ಹೋಗ್ರಿ. ಡಾಕ್ಟರ್ ಹೇಳಿದ್ದ ಖರೇ ಐತಿ.”

ಅತ್ತೆ ಮೂರು ಸಲ ಕೇಳಿದರು. ಎದ್ದು ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದರು, ತೋಳು ಸಡಿಲಿದ್ದ ಕುಪ್ಪಸ ಹುಡುಕಿದರು. “ಮುಂಜಾನೆ ಲಗೂ ನಡಿ ಮತ್ತ.” ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಇಷ್ಟು ದಿನದ ದಣಿವು ಒಮ್ಮೆಗೇ ಬಂತು. ಹೊಳೆಆಲೂರು ದವಾಖಾನೆಗೆ ಕರೆದುಕೊಂಡು ಹೋಗಲು ಸಿಸ್ಟರ್ ಗಾಡಿ ಕಳಿಸುತ್ತಾರೆ.

28 ಏಪ್ರಿಲ್, ಬೆಳಿಗ್ಗೆ 7

ರೊಟ್ಟಿ, ಶೇಂಗಾ ಚಟ್ನಿ. ಅತ್ತೆ ಸೀರೆ ಉಟ್ಟು ಉಣ್ಣಲು ಕೂತರು.

“ಉಪ್ಪ ಹಾಕೂದ ಮರತೀಯೇನ ದ್ರಾಕ್ಷಾಯಣಿ?”

ನಗು ಬಂತು. ಇಷ್ಟು ವರ್ಷಕ್ಕೆ ಉಪ್ಪು ಕೇಳಿದರಲ್ಲ! ಚಿಟಿಕೆ ಹಾಕಿ ಕಲಸಿದೆ.

“ಇನ್ನೂ ಇಲ್ಲ. ಮಣ್ಣ ತಿಂದಂಗ ಆಗಾಕತ್ತೈತಿ.”

ನಾನು ಬಾಯಿಗೆ ಹಾಕಿಕೊಂಡೆ. ಉಪ್ಪೇ ಉಪ್ಪು. ಬೆಳ್ಳುಳ್ಳಿ ಜಜ್ಜಿ ಅವರ ಮೂಗಿನ ಹತ್ತಿರ ಹಿಡಿದೆ. “ಏನ ಹಿಡದಿ ಅದನ್ನ?” ಎಂದರು.

ಸಿಸ್ಟರಿಗೆ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ. ಅವರು ಎತ್ತುವವರೆಗೆ ಬರೆಯುತ್ತಿದ್ದೇನೆ. ಅತ್ತೆ ಕಟ್ಟೆಗೆ ಹೋಗಿ ಕೂತಿದ್ದಾರೆ. ಕೂಗುತ್ತಿದ್ದಾರೆ — ಲಗೂ ಬಾ, ಗಾಡಿ ಬಂತು ಅಂತ…