ಬಾಗಿಲವರೆಗೊಂದು ಗ್ರೂವ್

ಫೆಬ್ರವರಿ 2, ಬೆಳಿಗ್ಗೆ

ಮತ್ತೆ ಬಾತ್‌ರೂಮ್. ನಾನು ಮುಂದೆ, ನನ್ನ ಮೊಣಕೈ ಹಿಡಿದು ಅಪ್ಪ ಹಿಂದೆ. ಕಣ್ಣು ಪೂರ್ತಿ ಹೋಗಿ ವರ್ಷವಾಯಿತು, ಬಸ್ ಓಡಿಸಿದ ಗತ್ತು ಮಾತ್ರ ಹಾಗೇ ಇದೆ. ನಾನು “ರೈಟ್” ಅಂದರೇನೇ ಹೆಜ್ಜೆ ಎತ್ತುವುದು. ದಿನವಿಡೀ ಇದೇ ಕಂಡಕ್ಟರ್ ಕೆಲಸ.

ಅಷ್ಟರಲ್ಲಿ ಫೋನ್. ಪ್ರಿಂಟಿಂಗ್ ಪ್ರೆಸ್ ಮೇಡಂ.

“ಮಾರ್ಚ್ ಒಂದರಿಂದ ಬರ್ತೀಯೇನೇ? ಮಧ್ಯಾಹ್ನದವರೆಗೆ ಅಷ್ಟೇ. ನಿನ್ನ ಕುರ್ಚಿ ಇನ್ನೂ ಖಾಲಿ ಇದೆ. ಆಮೇಲೆ ಬೇರೆಯವರನ್ನ ಹಾಕ್ಕೋಬೇಕಾಗತ್ತೆ.”

ಡಿಸೈನ್ ಮಾಡುತ್ತಿದ್ದೆ ಅಲ್ಲಿ. ಅಪ್ಪನಿಗೋಸ್ಕರ ಬಿಟ್ಟೆ. ಹೇಳ್ತೀನಿ ಅಂದು ಇಟ್ಟೆ.

“ಯಾರಮ್ಮ?” ಅಂದರು ಅಪ್ಪ.

“ರಾಂಗ್ ನಂಬರ್.”

ಈ ಎರಡು ರೂಮಿನಲ್ಲಿ ಉಸಿರು ಕಟ್ಟುತ್ತಿದೆ. ಬರೆಯಲು ನಾಚಿಕೆ. ಆದರೂ ನಿಜ.

ಫೆಬ್ರವರಿ 4

ಅಪ್ಪ ಇವತ್ತು ಗೋಡೆಯ ವೈರ್ ಪಟ್ಟಿಗೆ ಬೆರಳಿಟ್ಟುಕೊಂಡು ಒಬ್ಬರೇ ಅಡುಗೆಮನೆವರೆಗೆ ಬಂದುಬಿಟ್ಟರು. ಅಲ್ಲಿ ಪಟ್ಟಿ ಮೇಲಕ್ಕೆ ತಿರುಗಿದೆ — ಅಪ್ಪನ ಕೈಯೂ ಮೇಲಕ್ಕೆ. ಸಿಗ್ನಲ್ ಕೊಡುವವರ ಹಾಗೆ ನಿಂತರು. ನಕ್ಕೆ. ಆಮೇಲೆ ಹೊಳೆಯಿತು.

ಸೊಂಟದೆತ್ತರಕ್ಕೆ ಮರದ ಪಟ್ಟಿ. ಅದರಲ್ಲಿ ಉದ್ದಕ್ಕೂ ಒಂದು ಗ್ರೂವ್, ಬೆರಳ ತುದಿ ಕೂರುವಷ್ಟು ಸಣ್ಣ ಕಾಲುವೆ. ಮಂಚದಿಂದ ಬಾತ್‌ರೂಮ್, ಅಲ್ಲಿಂದ ಅಡುಗೆಮನೆ, ಹೊರಬಾಗಿಲು. ಬೆರಳೇ ದಾರಿ ತೋರಿಸಿದರೆ ನನ್ನ ಮೊಣಕೈಗೆ ಬಿಡುಗಡೆ. ನನಗೂ.

ತಮ್ಮನ ಕೆತ್ತನೆ ಮೆಷಿನ್ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿದೆ. ಅವನ ಮೂರು ದಿನದ ಹುಚ್ಚು ಅದು. ಫೋನ್ ಮಾಡಿದೆ.

“ಬಿಟ್ ಎಲ್ಲಾ ಮುರಿದಿದೆ ಅಕ್ಕ. ವಿ-ಬಿಟ್ ತರಿಸ್ಕೋ, ವಿ ಆಕಾರದ ಮೊನೆ ಇರತ್ತೆ, ಅದೇ ಗ್ರೂವ್ ಕೊರೆಯೋದು. ಅಪ್ಪ ಹೇಗಿದಾರೆ?”

ಬಂದು ನೋಡು ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

ಫೆಬ್ರವರಿ 9

ಬಿಟ್ ಬಂತು. ಹತ್ತರ ಸೆಟ್, ಒಂದು ಜೊತೆ ಚಪ್ಪಲಿ ಬೆಲೆಗೆ. ಭಾರೀ ಜಾಣೆ ಅಂದುಕೊಂಡಿದ್ದೆ.

ತುದಿ ಮೊಂಡು. ಕೊರೆಯುವುದಿಲ್ಲ, ಉಜ್ಜುತ್ತದೆ. ಮರ ಕಪ್ಪಾಗಿ ಹೊಗೆ... ಅಂಚಿನಲ್ಲೆಲ್ಲ ನಾರು. ಸ್ಯಾಂಡ್‌ಪೇಪರ್ ತಿಕ್ಕಿ ಆಯಿತು ಅಂದುಕೊಂಡು ಅಪ್ಪನ ಬೆರಳಿಟ್ಟೆ. ಸಿಬಿರು ಉಗುರಿನಡಿ ಹೊಕ್ಕಿತು. ರಕ್ತ.

“ರೋಡ್ ರಿಪೇರಿ ಆಗೋವರೆಗೆ ಗಾಡಿ ತೆಗೆಯಲ್ಲ ಕಣಮ್ಮ,” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಅಗ್ಗ ಅಂತ ಬಾಚಿಕೊಂಡಿದ್ದು ನಾನು, ನೋವು ಅವರಿಗೆ.

ಫೆಬ್ರವರಿ 11

ಅಪ್ಪನನ್ನು ಮಂಚದ ಮೇಲೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ ಟೂಲ್ಸ್ ಅಂಗಡಿಗೆ ಓಡಿದೆ. ಯಾವಾಗಲೂ ಹೀಗೇ. ಬೀಗ ತಿರುಗಿಸಿ, ಹಿಂದೆ ನೋಡದೆ ಮೆಟ್ಟಿಲಿಳಿಯುತ್ತೇನೆ.

“ಏನು ಕೆತ್ತನೆ? ನೇಮ್‌ಬೋರ್ಡಾ?” ಅಂಗಡಿಯವನು ಕೇಳಿದ.

“ಓದೋಕಲ್ಲ. ಬೆರಳು ಹೋಗಬೇಕು.”

ಬೇರೆ ಬೇರೆ ಬಿಟ್‌ನಲ್ಲಿ ಗೀರಿದ ಸ್ಯಾಂಪಲ್ ಹಲಗೆ ಮುಂದಿಟ್ಟ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಅರವತ್ತು ಡಿಗ್ರಿ ಕೋನದ್ದು ಇಕ್ಕಟ್ಟು, ಉಗುರು ಮಾತ್ರ ಇಳಿಯುತ್ತದೆ. ನೂರಿಪ್ಪತ್ತರದು ತಟ್ಟೆಯ ಹಾಗೆ, ಬೆರಳು ಜಾರಿ ಆಚೆ ಹೋಗುತ್ತದೆ. ತೊಂಬತ್ತರದು ತುದಿಬೆರಳನ್ನು ಕೂರಿಸಿಕೊಂಡು ಬಿಡಲೇ ಇಲ್ಲ. ಅಂಗಡಿಯಲ್ಲಿ ಕಣ್ಣು ಮುಚ್ಚಿ ನಿಂತವಳನ್ನು ಜನ ನೋಡುತ್ತಿದ್ದರೇನೋ, ನೋಡಿಕೊಳ್ಳಲಿ.

“ಕಾರ್ಬೈಡ್, ಬೇಗ ಮೊಂಡಾಗಲ್ಲ, ಎರಡು ಅಲಗಿಂದು. ಒಂದೇ ತಗೊಳ್ಳಿ ಮೇಡಂ. ಆ ಹತ್ತರ ಸೆಟ್ಟಲ್ಲಿ ನಿಮಗೆ ಬೇಕಾದ್ದು ಒಂದೂ ಇರಲ್ಲ. ಮೆಷಿನ್ ಎಷ್ಟು ದಪ್ಪದ ಬಿಟ್ ಹಿಡಿಯತ್ತೆ?”

ಅದು ಗೊತ್ತಿರಲಿಲ್ಲ. ಪುಣ್ಯಕ್ಕೆ ತಮ್ಮನ ಮುರುಕು ಬಿಟ್ ಬ್ಯಾಗಿನಲ್ಲಿತ್ತು. ಅಳೆದು, ಅದಕ್ಕೆ ಸರಿಹೋಗುವುದನ್ನೇ ಹುಡುಕಿ ಕೊಟ್ಟ. ಸೆಟ್ಟಿಗಿಂತ ಸ್ವಲ್ಪವೇ ಜಾಸ್ತಿ. ಕೇಳುವ ಬುದ್ಧಿ ಮೊದಲೇ ಇರಬೇಕಿತ್ತು.

ಫೆಬ್ರವರಿ 16

ಮೆಷಿನ್ ಗಿಡ್ಡ, ಪಟ್ಟಿ ತುಂಡುತುಂಡಾಗಿಯೇ ಆಗಬೇಕು. ಒಂದೇ ಸಲ ಆಳಕ್ಕಿಳಿಸಿದರೆ ಮೋಟಾರ್ ನರಳುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸಿದೆ. ಈ ಸಲ ಹೊಗೆಯಿಲ್ಲ, ನಾರಿಲ್ಲ, ಬೆಣ್ಣೆ ಕೊಯ್ದ ಹಾಗೆ.

ಅಪ್ಪ ಚೆಕಿಂಗ್ ಇನ್ಸ್‌ಪೆಕ್ಟರ್. “ಇಲ್ಲೊಂದು ಹಂಪ್ ಇದೆ ನೋಡು” ಅನ್ನುತ್ತಾರೆ, ಜೋಡಿಸಿದ ಕಡೆ ಬೆರಳಿಟ್ಟು. ತಿಕ್ಕುತ್ತೇನೆ. ಸ್ಟಾಪ್‌ಗಳಿಗೆ ಅಡ್ಡ ಗೀರು ಹಾಕು ಅಂದಿದ್ದೂ ಅವರೇ. ಬಾತ್‌ರೂಮಿಗೆ ಒಂದು, ಅಡುಗೆಮನೆಗೆ ಎರಡು, ಹೊರಬಾಗಿಲಿಗೆ ಮೂರು.

ಸಂಜೆ ಎಂದಿನಂತೆ ಅವರ ಕೈಗೆ ನೋವಿನೆಣ್ಣೆ ತಿಕ್ಕಿದೆ. ಇಬ್ಬರೂ ಖುಷಿಯಾಗಿದ್ದೆವು. ಎಷ್ಟು ದಿನವಾಗಿತ್ತು.

ಫೆಬ್ರವರಿ 18

ಒಬ್ಬರೇ ಹೋದರು. ಒಬ್ಬರೇ ಬಂದರು. ಬಾತ್‌ರೂಮಿನೊಳಗಿಂದ “ಸ್ಟಾಪ್ ಬಂತು, ಇಳೀರಿ ಇಳೀರಿ” ಅಂತ ಕೂಗು. ಒಲೆ ಮುಂದೆ ನಿಂತು ಅತ್ತೆ.

ಆಗಲೇ ಪ್ರೆಸ್ ವಿಷಯ ಹೇಳಿಬಿಟ್ಟೆ. ಮಾರ್ಚ್ ಒಂದರಿಂದ, ಮಧ್ಯಾಹ್ನದವರೆಗೆ ಅಷ್ಟೇ, ಅಂದೆ.

ಒದ್ದೆ ಕೈ ಪಂಚೆಗೆ ಒರೆಸಿಕೊಂಡರು. ಆಮೇಲೆ, “ಒಳ್ಳೇದಾಯ್ತು ಬಿಡು.”

ಫೆಬ್ರವರಿ 22

ಅಪ್ಪನಿಗೆ ಗ್ರೂವ್ ಸಿಗುತ್ತಿಲ್ಲ. ಬೆರಳು ಮರಗಟ್ಟಿದೆಯಂತೆ. ಬಾತ್‌ರೂಮ್ ಸ್ಟಾಪ್ ದಾಟಿ ಹೋಗಿ ಸ್ಟೂಲಿಗೆ ಡಿಕ್ಕಿ.

ಫೆಬ್ರವರಿ 25

ಪಂಚೆ ಒದ್ದೆ. ನೆಲ ಒರೆಸಿದೆ. “ಏನು ಮಾಡ್ಲಮ್ಮ, ದಾರಿ ತಪ್ಪಿತು.” ಮತ್ತೆ ನನ್ನ ಮೊಣಕೈ, ಮತ್ತೆ “ರೈಟ್”.

ಮೇಡಂಗೆ “ಬರೋಕಾಗಲ್ಲ” ಅಂತ ಟೈಪ್ ಮಾಡಿದೆ. ಕಳಿಸಲಿಲ್ಲ. ಅಳಿಸಲೂ ಇಲ್ಲ.

ಫೆಬ್ರವರಿ 27

ಪಟ್ಟಿ ಒರೆಸುತ್ತಿದ್ದೆ. ಅಡುಗೆಮನೆಯಿಂದ ಹೊರಬಾಗಿಲವರೆಗೆ, ಮೊನ್ನೆಯಷ್ಟೇ ಒರೆಸಿದ್ದ ಗ್ರೂವ್ ಕಪ್ಪಾಗಿದೆ. ಮೂಸಿದೆ. ನೋವಿನೆಣ್ಣೆ.

ಆ ಕಡೆಗೆ ಅಪ್ಪ ಹೋಗಿದ್ದನ್ನು ನಾನು ಒಂದು ಸಲವೂ ಕಂಡಿಲ್ಲ. ಅಂದರೆ ನಾನು ಬೀಗ ಹಾಕಿ ಹೋದಾಗಲೆಲ್ಲ... ಬೆರಳಿಗೆ ಏನೂ ಆಗಿಲ್ಲ. ಎಲ್ಲ ನಾಟಕ, ನಾನು ಪ್ರೆಸ್‌ಗೆ ಹೋಗದಿರಲಿ ಅಂತ. ಎಲಾ ಮುದುಕ. ನೆಲ ಒರೆಸಿದವಳು ನಾನು. ಸಿಟ್ಟಿಗೆ ಒತ್ತಿ ಬರೆದು ಹಾಳೆ ಹರಿಯಿತು.

ಫೆಬ್ರವರಿ 28, ಬೆಳಿಗ್ಗೆ 11

ತರಕಾರಿಗೆ ಅಂತ ಹೇಳಿ, ಬೀಗ ಹಾಕಿ, ಹೊರಗೇ ನಿಂತೆ. ಕೈಗೆ ಸಿಕ್ಕಿಬೀಳಲಿ, ಚೆನ್ನಾಗಿ ಉಗಿಯಬೇಕು ಅಂತ.

ಬಂದರು. ಗ್ರೂವಿನಲ್ಲಿ ಉಗುರು ಸರಿಯುವ ಸದ್ದು. ಒಂದು ಕಡೆಯೂ ತಡವರಿಸಲಿಲ್ಲ. ಮೂರು ಗೀರು — ಟಕ್, ಟಕ್, ಟಕ್. ನಿಂತರು. ನಮ್ಮಿಬ್ಬರ ನಡುವೆ ಬಾಗಿಲಿನ ದಪ್ಪ ಮಾತ್ರ.

“ಬಂದ್ಯಾ ಮಗಳೇ?”

ನಾನು ಉಸಿರು ಬಿಗಿಹಿಡಿದಿದ್ದೆ. ನನ್ನ ಸುಳಿವು ಸಿಕ್ಕಿರಲಿಕ್ಕಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು, ಅದೇ ದನಿ. ನಾನಿಲ್ಲದಾಗೆಲ್ಲ ಇದೇ ಡ್ಯೂಟಿ ಅನ್ನಿಸುತ್ತದೆ.

ಕೆಳಗಿಳಿದು ಹೋಗಲಾಗಲಿಲ್ಲ. ಬೀಗ ತೆಗೆಯಲೂ ಆಗಲಿಲ್ಲ. ಆಚೆ ಅವರು, ಈಚೆ ನಾನು.

ಮಾರ್ಚ್ 1, ಬೆಳಿಗ್ಗೆ

ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಅಪ್ಪನ ಬೆರಳು ಗ್ರೂವಿನಲ್ಲಿಟ್ಟೆ.

“ಅಪ್ಪ, ಬಾಗಿಲವರೆಗೆ ಕರ್ಕೊಂಡು ಹೋಗಿ ನನ್ನ.”

ಮುಖ ಕೆಂಪಾಯಿತು. ಅವರು ಮುಂದೆ, ಅವರ ಮೊಣಕೈ ಹಿಡಿದು ನಾನು ಹಿಂದೆ. ಒಂದು ಗೀರು, ಎರಡು ಗೀರು, ಮೂರು. ತಪ್ಪಲಿಲ್ಲ.

“ಇವತ್ತಿಂದ ಹೊರಗಡೆ ಬೀಗ ಹಾಕಲ್ಲ. ಚಿಲಕ ನಿಮ್ಮ ಕೈಲೇ. ನೀವು ರೈಟ್ ಅಂದರೇನೇ ನಾನು ಹೊರಡೋದು.”

ಚಿಲಕದ ಮೇಲೆ ಕೈಯಿಟ್ಟರು. ತೆಗೆಯುತ್ತಿಲ್ಲ. ಹಾಕುತ್ತಲೂ ಇಲ್ಲ. ಮುಖ ನೋಡಲಾರದೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು. ಬ್ಯಾಗಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ.

“ಎತ್ತು,” ಅಂದರು ಅಪ್ಪ. “ಆ ರಾಂಗ್ ನಂಬರೇ ಇರಬೇಕು.”

ಎತ್ತಲಿಲ್ಲ. ಅವರ ಕೈ ಇನ್ನೂ ಚಿಲಕದ ಮೇಲೇ. ಆ “ರೈಟ್”ಗೇ ಕಾಯುತ್ತಿದ್ದೇನೆ. ಈಗ ಬಾಯಿ ತೆಗೆದರು —