ಅವ್ವನ ಹೆಬ್ಬಟ್ಟು

ನೌಬಾದ, ಶುಕ್ರವಾರ

ಬರ್ನಬಾಸಣ್ಣಗ,

ನಿನ್ನ ಫೋನ್ ಬಂದ್ ಅದ. ಅದಕ್ಕ ಹೈದರಾಬಾದಿಗಿ ಕೂಲಿಗಿ ಹೊಂಟ ಯೇಸಪ್ಪ ಕಾಕಾನ ಕೈಯಾಗ ಈ ಚೀಟಿ ಕೊಟ್ಟೇನಿ.

ಬರಗಾಲದ ಪರಿಹಾರ ಬರ್ತದ ಅಂತ ಸುಳ್ಳು ಹೇಳಿ ಅವ್ವಗ ಭಾಲ್ಕಿಗಿ ಒಯ್ದು ಬ್ಯಾಂಕ್ ಖಾತೆ ತೆಗಸ್ದಿ. ಅದರ ಕಾರ್ಡು, ಸಿಮ್ಮು ಫೋನಿನಾಗ ಪರಿಚಯ ಆದ ಮಂದಿಗಿ ಬಾಡಿಗಿ ಕೊಟ್ಟಿ. ಅವರು ಪುಣೆದ ಯಾರೋ ಮುದುಕನ ಪೆನ್ಶನ್ ರೊಕ್ಕ ಲೂಟಿ ಮಾಡಿ ಅದರಾಗ ಹಾಕ್ಯಾರ. ಏಳನೇ ಕ್ಲಾಸಿಗೇ ಸಾಲಿ ಬಿಟ್ಟ ನನಗ ಇದು ಕಳ್ಳತನ ಅಂತ ತಿಳೀತದ. ನಿನಗ ತಿಳೀಲಿಲ್ಲ?

ಪುಣೆ ಪೊಲೀಸರು ಬಂದಾರ. 'ಖಾತೆ ಯಾರು ಬಳಸ್ತಾರಮ್ಮಾ?' ಅಂತ ಕೇಳಿದ್ರ ಅವ್ವ, 'ಹೆಬ್ಬಟ್ಟು ನಂದೇ ಅದ ರೀ ಸಾಹೇಬ್ರ, ತಪ್ಪೂ ನಂದೇ' ಅಂತಾಳ. ಹೆಬ್ಬಟ್ಟು ಒತ್ತಿದ ಮ್ಯಾಲೆ ಮಾತು ತಿರಗಸಬಾರದಂತ ಆಕಿ ತಿಳಕೊಂಡಾಳ.

ಮಂಗಳವಾರ ಆಕಿಗಿ ಪುಣೆಗಿ ಒಯ್ತಾರಂತ. ಬಿಪಿ ಗುಳಿಗಿ ಚೀಲದಾಗ ಹಾಕ್ಕೊಂಡು ಕುಂತಾಳ.

ಸೋಮವಾರ ಬೀದರ ಬಸ್ ಹತ್ತಿ ಬಾ. ಆ ಮಂದಿ ಜೋಡಿ ಮಾತಾಡಿದ ಫೋನೂ ತಗೊಂಡು ಬಾ. ಠಾಣೆಗಿ ಹೋಗಿ ಖರೇ ಹೇಳು. ಎಲ್ಲಾರೂ ಖಾತೆ ಬಾಡಿಗಿ ಕೊಡ್ತಾರ ಅಂತ ನನಗ ಹೇಳಬ್ಯಾಡ.

ನಿನ್ನ ಹೆಸರ ಹೇಳಬಾರದಂತ ಅವ್ವ ಬೈಬಲ್ ಮ್ಯಾಲೆ ನನ್ನ ಕೈ ಇಡಸ್ಯಾಳ. ಆ ಮಾತು ಸೋಮವಾರ ಸಂಜಿತನಕ ಅಷ್ಟೇ ನಡಸ್ತೇನಿ.

ಎಸ್ತರ